ಹೊಸ ಕ್ಯಾಮ್‌ಶಾಫ್ಟಿಗೆ ಹಳೇ ಟ್ಯಾಪೆಟ್ ಬೇಡ: ಒಂದು ಸ್ಪಷ್ಟನೆ

ಹಳೇ ಪೆಟ್ರೋಲ್ ಜೀಪಿನ ಎಂಜಿನ್ ಬಿಚ್ಚಿದವರಿಗೆ ತೀರ್ಥಹಳ್ಳಿ, ಸಾಗರದ ಕಡೆ ಒಂದು ಸಲಹೆ ಸಿಗುತ್ತಿದೆ: "ಕ್ಯಾಮ್‌ಶಾಫ್ಟ್ ಮಾತ್ರ ಹೊಸದು ಹಾಕಿ, ಟ್ಯಾಪೆಟ್ ತೊಳೆದು ಹಳೇದೇ ಕೂರಿಸಿ." ದಯವಿಟ್ಟು ಹಾಗೆ ಮಾಡಬೇಡಿ. ಕ್ಯಾಮ್‌ಶಾಫ್ಟ್ (ಕ್ಯಾಮ್) ಅಂದರೆ ಎಂಜಿನ್ನಿನ ವಾಲ್ವ್‌ಗಳನ್ನು ತೆರೆಸುವ, ಉಬ್ಬುಗಳಿರುವ ದಂಡ; ಆ ಉಬ್ಬುಗಳೇ ಲೋಬ್. ಲೋಬಿಗೆ ತಾಗಿ ಕೂತು ಅದರ ತಳ್ಳನ್ನು ವಾಲ್ವ್ ಕಡೆಗೆ ಸಾಗಿಸುವ ತುಂಡೇ ಟ್ಯಾಪೆಟ್.

ಟ್ಯಾಪೆಟ್ಟಿನ ತಳ ನೋಡೋಕೆ ಚಪ್ಪಟೆ. ಆದರೆ ಸಾಮಾನ್ಯವಾಗಿ ಕೂದಲೆಳೆಯಷ್ಟು ಉಬ್ಬಿರುತ್ತದೆ. ಕ್ಯಾಮಿನ ಲೋಬಿಗೂ ಸಣ್ಣ ಇಳಿಜಾರು ಇರುತ್ತದೆ. ಹಾಗಾಗಿಯೇ ಟ್ಯಾಪೆಟ್ ತಿರುಗುತ್ತಾ ಕೆಲಸ ಮಾಡುತ್ತದೆ. ಸ್ಟೀಲ್ ಸ್ಕೇಲಿನ ಅಂಚನ್ನು ತಳದ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿ ಬಂತಾ? ಅಲ್ಲಿ ಗುಂಡಿ ಬಿದ್ದಿದೆ. ಅಂಥದ್ದು ತಿರುಗದೆ ಹೊಸ ಲೋಬನ್ನೇ ತಿಂದುಹಾಕುತ್ತದೆ. ಆ ಕಬ್ಬಿಣದ ಪುಡಿ ಆಯಿಲಿಗೆ ಸೇರುತ್ತದೆ. ಆಗುಂಬೆ ಘಾಟಿ ಹತ್ತಬೇಕಾದ ಗಾಡಿಗೆ ಇದೆಲ್ಲ ಬೇಕಾ?

ಕ್ಯಾಮ್ ಚೆನ್ನಾಗಿದ್ದರೆ ಹೊಸ ಟ್ಯಾಪೆಟ್ ಹಾಕಬಹುದು. ಎರಡೂ ಹಳೇದೇ ಆದರೆ ಯಾವ ಟ್ಯಾಪೆಟ್ ಎಲ್ಲಿತ್ತೋ ಅಲ್ಲಿಗೇ ಹೋಗಬೇಕು. ಬಿಚ್ಚುವಾಗಲೇ ನಂಬರ್ ಹಾಕಿಡಿ.

ಆಯಿಲ್ ಒತ್ತಡದಿಂದ ಸಂದನ್ನು ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಹಾಕಿದರೆ ವಾಲ್ವ್ ಸಂದಿನ ಸೆಟ್ಟಿಂಗ್ ಗೋಜೇ ಇಲ್ಲ ಅನ್ನುವವರೂ ಇದ್ದಾರೆ. ಅದಕ್ಕೆ ಒತ್ತಡದ ಆಯಿಲ್ ದಾರಿ, ಬೇರೆ ಕ್ಯಾಮ್ ಎರಡೂ ಬೇಕು. ಜೀಪಿನ 2199 ಸಿಸಿ ಹರಿಕೇನ್ ಎಂಜಿನ್ನಿನದು ಗಟ್ಟಿ ಟ್ಯಾಪೆಟ್. ಎಂಜಿನ್ ತಣ್ಣಗಿದ್ದಾಗ ಇನ್‌ಟೇಕ್ ವಾಲ್ವಿಗೆ 0.018 ಇಂಚು, ಎಕ್ಸಾಸ್ಟ್ ವಾಲ್ವಿಗೆ 0.016 ಇಂಚು ಸಂದು ಬಿಡಿ.

ಜೋಡಿಸುವಾಗ ಲೋಬುಗಳಿಗೆ ಅಸೆಂಬ್ಲಿ ಲ್ಯೂಬ್ (ಜೋಡಣೆಗೆಂದೇ ಇರುವ ದಪ್ಪ ಜಿಡ್ಡು) ಧಾರಾಳವಾಗಿ ಹಚ್ಚಿ. ಸ್ಟಾರ್ಟ್ ಆದಮೇಲೆ ಮೊದಲ 20 ನಿಮಿಷ ಐಡ್ಲಿಂಗಿಗೆ ಬಿಡಬೇಡಿ. ಸವೆತ ತಡೆಯುವ ಜಿಂಕ್ ಜಾಸ್ತಿ ಇರುವ ಆಯಿಲನ್ನೇ ಹಾಕಿ.