ಗುಳಿಗೆ ನಮ್ಮದು, ಪುಡಿ ಯಾರದು?

'ಜಗತ್ತಿಗೆಲ್ಲ ಗುಳಿಗೆ ಕೊಡುವವರು ನಾವು, ಯುದ್ಧ ಬಂದರೂ ಔಷಧಿಗೆ ಚಿಂತೆಯಿಲ್ಲ' ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ಅರ್ಧ ಮಾತ್ರ ಸರಿ. ಗುಳಿಗೆ ತಯಾರಾಗುವುದು ಇಲ್ಲಿ, ಆದರೆ ಹೊರಗಿನಿಂದ ತರಿಸುವ ಮೂಲ ಪುಡಿಯಲ್ಲಿ, ಅಂದರೆ ಗುಳಿಗೆಯೊಳಗಿನ ಅಸಲು ಔಷಧಿಯಲ್ಲಿ, ಬಹುಪಾಲು ಚೀನಾದ್ದು. ಕೊರೊನಾ ಬಂದಾಗ, 2020ರ ಮಾರ್ಚ್‌ನಲ್ಲಿ, ಇಲ್ಲೇ ಕೊರತೆಯಾದೀತೆಂದು ನಮ್ಮ ಸರ್ಕಾರವೇ ಪ್ಯಾರಾಸಿಟಮಾಲ್ ರಫ್ತಿಗೆ ತಡೆ ಹಾಕಿತ್ತು, ನೆನಪಿದೆ ಅಲ್ವಾ? ಆಗ ಯುದ್ಧವೂ ಇರಲಿಲ್ಲ. ಯುದ್ಧ ಬಂದರೆ ಮಾಲು ಸಾಗುವ ದಾರಿಗೂ ಅಡ್ಡಿ: 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ದಾಳಿ ಶುರುವಾಗಿ ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾಯಿತು.

ಜಮಖಂಡಿ ಹತ್ತಿರ ನನ್ನದೊಂದು ಮೆಡಿಕಲ್ ಅಂಗಡಿ ಇದೆ. ಮಾಲು ಕಡಿಮೆಯಾದರೆ ಸ್ಟಾಕಿಸ್ಟ್‌ಗಳು (ನಮಗೆ ಔಷಧಿ ಕೊಡುವ ಸಗಟು ವ್ಯಾಪಾರಿಗಳು) ಮೊದಲು ಕೊಡುವುದು ರೊಕ್ಕ ಎಣಿಸಿ ಕೊಡುವ ಪೇಟೆಯ ದೊಡ್ಡ ಅಂಗಡಿಗೆ. ನಮಗೆ 'ಮುಂದಿನ ವಾರ ನೋಡೋಣ್ರಿ'. ಇನ್ಸುಲಿನ್ ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆಯಲೂ ಹೆದರಿಕೆ. ಅದನ್ನು ಜಾಸ್ತಿ ಕೂಡಿಡಿ ಎನ್ನುವುದು ಸುಮ್ನೆ ಮಾತು.

ಮೂಲ ಪುಡಿ ಇಲ್ಲೇ ಮಾಡಲು 2020ರಲ್ಲಿ ಕೇಂದ್ರ 6,940 ಕೋಟಿ ರೂಪಾಯಿಯ ಯೋಜನೆ ತಂದಿದೆ. ಒಳ್ಳೆಯದೇ. ಆದರೆ ಇನ್ಸುಲಿನ್, ಫಿಟ್ಸ್, ಟಿಬಿ ಔಷಧಿಗಳಲ್ಲಿ ಯಾವ ತಾಲೂಕಿಗೆ ಎಷ್ಟು ಎಂದು ಸರ್ಕಾರ ಈಗಲೇ ಗೊತ್ತು ಮಾಡಿಡಲಿ. ಬೆಲೆಗೆ ಮಿತಿ ಹಾಕಿದರಷ್ಟೇ ಸಾಲದು. ಕಪಾಟು ಖಾಲಿಯಿದ್ದರೆ ಕಡಿಮೆ ಬೆಲೆ ತಗೊಂಡು ಏನು ಮಾಡೋದು?