ಫೋಟೊ ಎಡಕ್ಕೋ ಬಲಕ್ಕೋ?

ಸರ್ಕಾರಿ ವೆಬ್‌ಸೈಟ್ ವಿನ್ಯಾಸದ ಸಭೆಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಸಾಹೇಬರ ಫೋಟೊ ಎಲ್ಲಿ? ಜನರಿಗೆ ಏನು ಬೇಕು ಅನ್ನುವುದನ್ನು ಆಮೇಲೆ ನೋಡಿಕೊಂಡರಾಯಿತು.

ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಎಡಕ್ಕೆ ಮುಖ್ಯಮಂತ್ರಿ, ಬಲಕ್ಕೆ ಇಲಾಖೆ ಸಚಿವರು ಅಂತ ತೀರ್ಮಾನವಾಗುವ ಹೊತ್ತಿಗೆ ಯಾರೋ ಕೆಮ್ಮಿ, ಉಪಮುಖ್ಯಮಂತ್ರಿಗಳನ್ನು ನೆನಪಿಸುತ್ತಾರೆ. ಅವರನ್ನು ಕೆಳಗೆ ಹಾಕುವ ಧೈರ್ಯ ಯಾರಿಗಿದೆ? ಸರಿ, ಎಲ್ಲರೂ ಮೇಲೆಯೇ. ನಡುವೆ ರಾಜ್ಯದ ಲಾಂಛನ. ಅದರಲ್ಲಿರುವ ಗಂಡಭೇರುಂಡಕ್ಕೆ ಎರಡು ತಲೆ ಇರುವುದು ಒಳ್ಳೆಯದೇ ಆಯಿತು. ಎರಡೂ ಕಡೆಯವರ ಮುಖ ನೋಡಿಕೊಂಡು ಯಾರಿಗೂ ಬೇಜಾರಾಗದ ಹಾಗೆ ಕೂತಿರುತ್ತದೆ. ಇಡೀ ಪುಟದಲ್ಲಿ ಆಡಳಿತ ಗೊತ್ತಿರುವುದು ಆ ಹಕ್ಕಿಗೊಂದಕ್ಕೇ.

ಚುನಾವಣೆ ನೀತಿ ಸಂಹಿತೆ ಬಂದಾಗ ಮಾತ್ರ ಈ ಫೋಟೊಗಳನ್ನೆಲ್ಲ ತೆಗೆಯಬೇಕು. ಆಗ ನೋಡಿ ಚಮತ್ಕಾರ! ಅರ್ಜಿಯ ಲಿಂಕ್ ಮೇಲೆ ತನ್ನಿ ಅಂದರೆ ಟೆಂಡರ್, ಬಜೆಟ್, ಅನುಮೋದನೆ ಅನ್ನುತ್ತಿದ್ದವರು ಸಂಜೆಯೊಳಗೆ ಪುಟವನ್ನೇ ಬೋಳಿಸಿಬಿಡುತ್ತಾರೆ.

ಇನ್ನು ಓಡುವ ಅಕ್ಷರ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ 5, ಅಕ್ಷರ ಓಡಿಸುವ ಈ ಮಾರ್ಕೀ ಟ್ಯಾಗನ್ನು ಬಳಸಬೇಡಿ ಅಂತ ಬದಿಗಿಟ್ಟು ಎಷ್ಟೋ ವರ್ಷವಾಯಿತು. ನಮ್ಮಲ್ಲಿ ಇನ್ನೂ ಓಡುತ್ತಲೇ ಇದೆ. ನಿಮಗೆ ಬೇಕಾದ ಸುತ್ತೋಲೆ ಎಡಗಡೆಯಿಂದ ಮಾಯವಾದರೆ ಮತ್ತೆ ಬಲಗಡೆಯಿಂದ ಬರುವ ತನಕ ಬೆರಳು ಎತ್ತಿಕೊಂಡು ಕಾಯಬೇಕು. ಪಕ್ಕದಲ್ಲಿ ಕೆಂಪಗೆ ‘ಹೊಸದು’ ಅಂತ ಮಿನುಗುತ್ತಿರುತ್ತದೆ. ಸುತ್ತೋಲೆ ನೋಡಿದರೆ 2019ರದ್ದು. ಪುಟದ ತಳದಲ್ಲಿ ‘ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಉತ್ತಮವಾಗಿ ಕಾಣುತ್ತದೆ’ ಎಂಬ ಭರವಸೆ. ಮೈಕ್ರೋಸಾಫ್ಟ್‌ನವರೇ 2022ರ ಜೂನ್‌ನಲ್ಲಿ ಆ ಬ್ರೌಸರಿನ ತಿಥಿ ಮಾಡಿ ಮುಗಿಸಿದ್ದಾರೆ.

ನಿಯಮ ಇಲ್ಲ ಅಂತಲ್ಲ. ಸರ್ಕಾರಿ ವೆಬ್‌ಸೈಟ್ ಹೇಗಿರಬೇಕು ಅಂತ ಕೇಂದ್ರ ಸರ್ಕಾರ 2009ರಲ್ಲೇ ಮಾರ್ಗಸೂಚಿ ತಂದಿತು. 2023ರಲ್ಲಿ ಮೂರನೇ ಆವೃತ್ತಿಯೂ ಬಂತು. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಹಾಕಿ ಕೇಳುವಂತಿರಬೇಕು ಅನ್ನುತ್ತದೆ ಅದು. ಇಲಾಖೆಯೂ ತಲೆಬಾಗಿ, ಮೇಲಿನ ಮೂಲೆಯಲ್ಲಿ ಅಕ್ಷರ ದೊಡ್ಡದು ಮಾಡುವ ಬಟನ್ ಇಟ್ಟಿತು. ಒತ್ತಿದರೆ ‘ಮುಖಪುಟ’ ಅನ್ನುವ ಪದ ದೊಡ್ಡದಾಗುತ್ತದೆ. ಅರ್ಜಿ ನಮೂನೆ ಇದ್ದಷ್ಟೇ ಇರುತ್ತದೆ. ಯಾಕಂದರೆ ಅದು ಸ್ಕ್ಯಾನ್ ಮಾಡಿದ ಪಿಡಿಎಫ್. ಕಂಪ್ಯೂಟರಿನಲ್ಲೇ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿ ಹಾಕಿಸಿ, ಸೀಲ್ ಹೊಡೆದು, ಮತ್ತೆ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೇ ತುಂಬಿದ್ದು. ಪುಟ ಸ್ವಲ್ಪ ಎಡಕ್ಕೆ ವಾಲಿದೆ. ಸ್ಟೇಪ್ಲರ್ ಪಿನ್ನಿನ ನೆರಳು ಮಾತ್ರ ಅಚ್ಚುಕಟ್ಟಾಗಿ ಬಂದಿದೆ. ಸ್ಕ್ರೀನ್ ರೀಡರ್ ಪಾಲಿಗೆ ಅದು ಬರೀ ಒಂದು ಚಿತ್ರ, ಓದಲು ಏನೂ ಇಲ್ಲ. ಎಲ್ಲ ಭಾಷೆಗಳ ಅಕ್ಷರಗಳನ್ನು ಕಂಪ್ಯೂಟರಿಗೆ ಗುರುತಿಸಿಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ‘ಹುಡುಕು’ ಬಟನ್ನಿಗೆ ಈ ನಮೂನೆಯಲ್ಲಿ ಒಂದಕ್ಷರ ಸಿಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಲೋಕಾರ್ಪಣೆ. ದೀಪ, ಹಾರ, ಶಾಲು, ಮೈಸೂರು ಪೇಟ. ಗಣ್ಯರು ಬಟನ್ ಒತ್ತುತ್ತಾರೆ, ಪರದೆ ಮೇಲೆ ಅವರದೇ ಮುಖ ಮೂಡುತ್ತದೆ, ಚಪ್ಪಾಳೆ. ಹಿಂದಿನ ಸಾಲಿನ ಒಬ್ಬ ಯಜಮಾನರು ಎದ್ದು, ‘ಸಾರ್, ಇದ್ರಲ್ಲಿ ವಿಧವಾ ವೇತನಕ್ಕೆ ಅರ್ಜಿ ಹಾಕೋದು ಹೆಂಗೆ?’ ಅಂತ ಕೇಳಿದರು ಅನ್ನಿ. ಉತ್ತರ ಕೊಡಲು ಯಾವ ಸಾಹೇಬರೂ ಬೇಕಿಲ್ಲ, ಬಾಗಿಲ ಬಳಿಯ ಜವಾನನೇ ಸಾಕು.

‘ಯಜಮಾನ್ರೇ, ಅದೆಲ್ಲ ನಿಮಗೆ ಆಗಲ್ಲ. ಗೇಟಿನ ಎದುರು ಜೆರಾಕ್ಸ್ ಅಂಗಡಿ ಇದೆಯಲ್ವಾ, ಅಲ್ಲಿ ಹುಡುಗ ಇದಾನೆ. ಆಧಾರ್ ಕೊಡಿ, ಓಟಿಪಿ ಬಂದರೆ ಹೇಳಿ. ಸಾಹೇಬರೂ ತಮ್ಮ ಕೆಲಸ ಅವನ ಹತ್ರಾನೇ ಮಾಡಿಸೋದು.’