ಮಾರುವುದಾದರೆ ಹೆಸರು ಬದಲಾಯಿಸಿಯೇ ಮಾರಬೇಕು

ಓಡಿಸದೆ ನಿಲ್ಲಿಸಿದ ಬೈಕುಗಳ ಬಗ್ಗೆ ನಾನು ಓದಿದ ಲೇಖನವೊಂದರಲ್ಲಿ, ವರ್ಷಕ್ಕೆ ನಾಲ್ಕು ಬಾರಿಯೂ ಓಡಿಸದ ಬೈಕನ್ನು ಮಾರಿಬಿಡುವುದೇ ಲೇಸೆಂದು ಲೇಖಕರು ಬರೆದಿದ್ದಾರೆ. ದಿವಂಗತ ತಂದೆಯವರು ಕೊಂಡಿದ್ದ ಯೆಜ್ಡಿ ರೋಡ್‌ಕಿಂಗ್ ಬೈಕು ನಮ್ಮ ಮನೆಯಲ್ಲಿ ಇನ್ನೂ ಇರುವುದರಿಂದ ಈ ಮಾತು ನನ್ನನ್ನು ನೇರವಾಗಿ ತಟ್ಟಿತು. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ತಿರುಗಿಸಿ ಗೇರ್ ಬದಲಿಸುವ ಆ ಗಾಡಿಯನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹಾಗಾಗಿ ಕೊಟ್ಟುಬಿಡಲು ಮನಸ್ಸು ಒಪ್ಪಿರಲಿಲ್ಲ. ಆದರೆ ಕಳೆದ ಆಯುಧಪೂಜೆಗೆ ಹೊರತೆಗೆದಾಗ ಟ್ಯಾಂಕಿನೊಳಗೆ ತುಕ್ಕು ಹಿಡಿದಿತ್ತು, ಕಾರ್ಬ್ಯುರೇಟರಿನ ತಳದಲ್ಲಿ ಪೆಟ್ರೋಲು ಆರಿ ಅಂಟಾಗಿತ್ತು. ನಿಲ್ಲಿಸಿಯೇ ಅದನ್ನು ಕೆಡಿಸುತ್ತಿದ್ದೇನೆಂದು ತಿಳಿದು ಬಹಳ ನೋವಾಯಿತು.

ಲೇಖನದಲ್ಲಿ ಬಿಟ್ಟುಹೋಗಿರುವ ಮುಖ್ಯ ಸಂಗತಿಯೊಂದಿದೆ. ಮಾಲೀಕತ್ವ ವರ್ಗಾವಣೆಯ ಅರ್ಜಿಗಳಾದ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟ ಮಾತ್ರಕ್ಕೆ ಮಾರಾಟ ಮುಗಿಯುವುದಿಲ್ಲ. ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತವಾದಾಗ ನೋಂದಾಯಿತ ಮಾಲೀಕನೇ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನನ್ನ ತಮ್ಮ ಸ್ಕೂಟರ್ ಮಾರಿ ಎರಡು ವರ್ಷವಾದ ಮೇಲೂ ಸಿಗ್ನಲ್ ಉಲ್ಲಂಘನೆಯ ದಂಡದ ನೋಟಿಸುಗಳು ಅವನ ವಿಳಾಸಕ್ಕೇ ಬರುತ್ತಿದ್ದವು.

ನನ್ನ ವಿಷಯದಲ್ಲಿ ಗಾಡಿ ತಂದೆಯವರ ಹೆಸರಿನಲ್ಲಿರುವುದರಿಂದ, ಮೊದಲು ಮಾಲೀಕರು ತೀರಿಕೊಂಡಾಗ ವಾರಸುದಾರರು ಸಲ್ಲಿಸುವ ಅರ್ಜಿಯಾದ ನಮೂನೆ 31ರ ಮೂಲಕ ಅದನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಿದೆ. ಅದಾದ ಮೇಲೆ, ಬೆಲೆ ಕಡಿಮೆ ಸಿಕ್ಕರೂ ಸರಿ, ಬಿಡಿಭಾಗಗಳಿಗಾಗಿ ಕಳಚುವವರಿಗೆ ಕೊಡದೆ ಓಡಿಸುವವರಿಗೇ ಕೊಡುವುದೆಂದು ನಿಶ್ಚಯಿಸಿದ್ದೇನೆ.